ಜೀನು, ಮೀನು ಮತ್ತು ನನ್ನ ಮಾನ

ಉಳಿದವರಿಗೆ ಬ್ಯಾಸಿಗಿ ಅಂದ್ರ ಮಾವಿನಹಣ್ಣು. ನನಗ ಬ್ಯಾಸಿಗಿ ಅಂದ್ರ ಮಾನ ಹೋಗೋ ಕಾಲ, ಅದೂ ವರ್ಷಾ ತಪ್ಪದಂಗ. ಮುಂಬೈದ ಕಾಂದಿವಲಿಯೊಳಗ ಕನ್ನಡದವರೇ ಕಟ್ಟಿದ ಕಾಲೇಜಿನಾಗ ಪಾಠ ಹೇಳ್ತೀನಿ. ರಜೆಯೊಳಗ ಬಿ.ಎಸ್ಸಿ. ಮಕ್ಕಳಿಗೆ ಬಯೋಇನ್‌ಫರ್ಮ್ಯಾಟಿಕ್ಸ್ ಸಂಶೋಧನಾ ತರಬೇತಿ ನಡಸ್ತೀನಿ. ಅಂದ್ರ, ಜೀವಿಗಳ ಡಿಎನ್‌ಎ ಮಾಹಿತಿಯನ್ನ ಕಂಪ್ಯೂಟರಿಗೆ ಹಾಕಿ ಓದೋ ಕೆಲಸ. ಈ ಸಲ ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟಿದ್ರು: "ಕೊನೇ ದಿನ ಟ್ರಸ್ಟಿಗಳು ನೋಡ್ಲಿಕ್ಕೆ ಬರ್ತಾರೆ. ಅವರಿಗೆ ಹಿಡಿಸದಿದ್ದರೆ ಬರುವ ವರ್ಷ ಈ ಕೋಣೆ ಲೆಕ್ಕ ಬರೆಯುವ ಟ್ಯಾಲಿ ಕ್ಲಾಸಿಗೆ."

ಸೆಪ್ಟೆಂಬರಿನ ರೋಗ

ಒಂದು ರೋಗದಾಗ ಯಾವ ಜೀನ್‌ಗಳು ಹೆಚ್ಚು ಕೆಲಸ ಮಾಡ್ತಾವ ಅಂತ ಹುಡುಕಾಕ ಕೊಟ್ಟಿದ್ದೆ. ಧಾರಾವಿಯ ಹುಡುಗಿಯೊಬ್ಬಳಿದ್ದಳು, ಅಪ್ಪಂದು ಕಲಬುರ್ಗಿ ಕಡೆ, ಮಾತು ಅರ್ಧ ಕನ್ನಡ ಅರ್ಧ ಹಿಂದಿ. ಅಕಿ ಎದ್ದು, "ಮೇಡಂ, ಈ ಬಿಮಾರಿ ಮಾರ್ಚ್‌ದಾಗ, ಸೆಪ್ಟೆಂಬರ್‌ದಾಗ ಜಾಸ್ತಿ ಅದ" ಅಂದ್ಲು.

"ಶಾಭಾಸ್" ಅಂದೆ. ಹವಾಮಾನಕ್ಕೂ ರೋಗಕ್ಕೂ ಎಂಥಾ ನಂಟು ಅಂತ ಉದ್ದಾನುದ್ದ ಭಾಷಣ ಬಿಗಿದೆ. ಎಲ್ಲಾರೂ ಬರಕೊಂಡ್ರು. ಆಮ್ಯಾಲೆ ತಲಿಗೆ ಹೊಳೀತು. ಮಾರ್ಚ್, ಸೆಪ್ಟ್ ಅಂತ ಹೆಸರಿನ ಜೀನ್‌ಗಳೇ ಅದಾವ. ಸ್ಪ್ರೆಡ್‌ಶೀಟು ಅವನ್ನ ತಾರೀಖು ಅಂತ ತಿಳದು ಬದಲಿಸಿಬಿಟ್ಟಿತ್ತು, ಹುಡುಗಿ ಅದನ್ನ ತಿಂಗಳು ಅಂತ ಓದಿದ್ಲು. ಈ ವಿದ್ಯಾದಾಗ ಇದ್ದವರೆಲ್ಲಾರಿಗೂ ಗೊತ್ತಿರೋ ಮೋಸ ಅದು, ನಾನೇ ಮೊದಲ ದಿನ ಎಚ್ಚರಿಕೆ ಕೊಟ್ಟಿದ್ದೆ. ಮುಖ ಎಲ್ಲಿಡಬೇಕು ತಿಳೀಲಿಲ್ಲ. "ಬರದದ್ದು ಹೊಡದು ಹಾಕ್ರಿ" ಅಂದೆ.

ಹುಡುಗಿ ಸಣ್ಣ ಮುಖ ಮಾಡಿ ಕೇಳಿದ್ಲು: "ಶಾಭಾಸ್ ಭೀ ವಾಪಸ್ ಕೊಡಬೇಕಾ ಮೇಡಂ?"

ಕರೆಂಟು ಉಳಿಸಿದ್ದು

ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕು ಜೋಡಸಾಕ ಮಕ್ಕಳು ಶುಕ್ರವಾರ ಕಂಪ್ಯೂಟರಿಗೆ ಹಚ್ಚಿ ಹೋಗಿದ್ರು. ಸೋಮವಾರ ಮುಗೀಬೇಕು. ಬಂದು ನೋಡಿದ್ರ ಪರದೆ ಎಲ್ಲಾ ಕಪ್ಪು. ಪ್ರಿನ್ಸಿಪಾಲರು ನಗ್ತಾ ಒಳಗ ಬಂದ್ರು.

"ನಿನ್ನೆ ಹೀಗೇ ಒಂದು ಸುತ್ತು ಬಂದೆ. ಒಂದು ನರಪಿಳ್ಳೆ ಇಲ್ಲ, ಕಂಪ್ಯೂಟರ್ ಎಲ್ಲ ಉರೀತಾ ಇದೆ. ನಾನೇ ಆಫ್ ಮಾಡಿದೆ ಮಾರಾಯ್ರೆ."

ಮೇಡಂ ಈಗ ಸುಮ್ನಿರಂಗಿಲ್ಲ ಅಂತ ಮಕ್ಕಳು ನನ್ನ ಮುಖ ನೋಡಿದ್ರು. ನನಗ ಟ್ಯಾಲಿ ಕ್ಲಾಸು ನೆನಪಾತು. ಹಲ್ಲು ಕಿಸಿದು, "ಭಾಳ ಉಪಕಾರ ಆತ್ರಿ ಸರ್" ಅಂದೆ. ನನ್ನ ದನಿ ಕೇಳಿ ನನಗೇ ಹೇಸಿಗಿ ಆತು.

"ಉಪಕಾರ ಎಂತದು? ಇನ್ನು ಪ್ರತಿ ಭಾನುವಾರ ಬರ್ತೇನೆ" ಅಂದ್ರು ಅವರು.

ಕೊನೇ ದಿನ

ಸಾಂತಾಕ್ರೂಜ್‌ದಾಗ ಹೋಟೆಲ್ ಇಟ್ಟ ಟ್ರಸ್ಟಿಗಳು ಬಂದು ಕೂತ್ರು. ಮಾರ್ಕೆಟ್ಟಿನಿಂದ ತಂದ ಪಾಪ್ಲೆಟ್, ಅಂದ್ರ ಪಾಂಫ್ರೆಟ್, ಮೀನಿನ ತುಣುಕನ್ನ ಹೊರಗಿನ ಪ್ರಯೋಗಾಲಯಕ್ಕ ಕಳಿಸಿದ್ವಿ. ಅವರು ಅದರಾಗಿನ ಡಿಎನ್‌ಎ ಪೂರಾ ಓದಿ ಕೊಟ್ಟಿದ್ರು. ಅದು ಖರೇನ ಪಾಪ್ಲೆಟ್ಟೋ ಅಲ್ಲೋ ಅಂತ ನಮ್ಮ ಕಂಪ್ಯೂಟರ್ ಹೇಳಬೇಕು.

ಆ ಮೀನು ಕೊಯ್ದು ತರಬೇತಿ ಉದ್ಘಾಟನೆ ಮಾಡಿದವರು ಪ್ರಿನ್ಸಿಪಾಲರೇ. ಕೈಗವಸು ಹಾಕ್ಕೊಂಡ್ರ ಫೋಟೋದಾಗ ಉಂಗುರ ಕಾಣಂಗಿಲ್ಲಂತ ಬರಿಗೈಲೇ ಕೊಯ್ದಿದ್ರು. ನೆಗಡಿ ಬ್ಯಾರೆ, ಮೀನಿನ ಮ್ಯಾಲೇ ಸೀನಿದ್ರು. ಬ್ಯಾಡ್ರಿ ಅನ್ನೋ ಧೈರ್ಯ ನನಗಿರಲಿಲ್ಲ.

ಪರದೆ ಮ್ಯಾಲೆ ಉತ್ತರ ಬಂತು: ಹೆಚ್ಚಿನದು ಮೀನು, ಒಂದಿಷ್ಟು ಮನುಷ್ಯ.

"ಎಂತದಿದು ಟೀಚರ್?" ಟ್ರಸ್ಟಿಗಳು ಕೇಳಿದ್ರು. "ಮೀನಿನಲ್ಲಿ ಮನುಷ್ಯ ಎಲ್ಲಿಂದ ಬಂದ?"

ಪ್ರಿನ್ಸಿಪಾಲರು ಕಿಟಕಿ ಹೊರಗ ನೋಡಾಕ ಹತ್ತಿದ್ರು. ಕೋಣೆ ಉಳೀಬೇಕಲ್ಲ, ನಾ ಸುಳ್ಳು ಹೇಳಿದೆ: "ನಂದೇ ಡಿಎನ್‌ಎ ಸರ್. ಕೈಗವಸು ಹಾಕ್ಕೊಳ್ಳೋದು ಮರತೆ."

"ಅಷ್ಟೂ ಗೊತ್ತಾಗುದಿಲ್ವಾ ಮೇಡಂ ನಿಮಗೆ?" ಅಂತ ಪ್ರಿನ್ಸಿಪಾಲರು ಎಲ್ಲಾರ ಮುಂದ ಬೈದ್ರು. ಭೂಮಿ ಬಾಯಿ ಬಿಟ್ಟಿದ್ರ ಒಳಗ ಹೋಗ್ತಿದ್ದೆ.

ಅಷ್ಟರಾಗ ಧಾರಾವಿ ಹುಡುಗಿ, ಮೇಡಂಗ ಅನ್ಯಾಯ ಆಗಬಾರದು ಅಂತ, ಕೈ ಎತ್ತಿದ್ಲು.

"ಮೇಡಂ, ಇದು ನಿಮ್ದು ಅಲ್ಲ. ಇದ್ರಾಗ ವೈ ಕ್ರೋಮೋಸೋಮ್ ಅದ. ಆದ್ಮಿ ಕಾ ಹೈ. ಗಂಡಸರಿಗೇ ಇರ್ತದ ಅಂತ ನೀವೇ ಹೇಳಿದ್ರಿ."

ಟ್ರಸ್ಟಿಗಳು ನನ್ನ ನೋಡಿದ್ರು. ಗೋಡೆ ಮ್ಯಾಲಿನ ಉದ್ಘಾಟನೆ ಫೋಟೋದಾಗಿನ ಬರಿಗೈ, ಉಂಗುರ ನೋಡಿದ್ರು. ಆಮ್ಯಾಲೆ ಪ್ರಿನ್ಸಿಪಾಲರನ್ನ ನೋಡಿ ಹೊಟ್ಟೆ ಹಿಡಕೊಂಡು ನಕ್ರು.

"ಬರುವ ವರ್ಷವೂ ಈ ತರಬೇತಿ ಇರಲಿ ಟೀಚರ್" ಅಂದ್ರು. "ಉದ್ಘಾಟನೆ ಮಾತ್ರ ಬೇಡ."