ಗುರುಚರಣ್ ಇಟ್ಟ ಚುಕ್ಕಿ

ಅಮ್ಮನ ಮಗ್ಗದ ಗುಂಡಿಯನ್ನು ದೇಶದ ನಕ್ಷೆಗೆ ಸೇರಿಸಿದ್ದೇ ಗುರುಚರಣನ ಎಲ್ಲ ಫಜೀತಿಗೂ ಮೂಲ.

ಸೇರಿಸುವ ಕರ್ಮ ಏನಿತ್ತು ಅಂದರೆ, ಅವನ ಪಿಎಚ್.ಡಿ. ಸಂಶೋಧನೆ. ಎಲ್ಲ ಇಲಾಖೆಗಳೂ ತಮ್ಮ ನಕ್ಷೆಗಳನ್ನು ಹಂಚಿಕೊಂಡು ದೇಶಕ್ಕೆಲ್ಲ ಒಂದೇ ನಕ್ಷೆ ಭಂಡಾರ ಕಟ್ಟುತ್ತಿವೆಯಲ್ಲ, ಅದನ್ನು ಯಾವ ಯಾವ ದಾರಿಯಲ್ಲಿ ಸಂಶೋಧಿಸಬಹುದು ಎಂಬುದು ಅವನ ವಿಷಯ. ತಮಿಳುನಾಡಿನ ಸೇಲಂನಿಂದ ಹರೂರು, ಪಾಪಿರೆಡ್ಡಿಪಟ್ಟಿವರೆಗೆ ಕಚೇರಿ ಕಚೇರಿ ಅಲೆದು, ಪ್ರಶ್ನೆ ಕೇಳಿ, ಕೊಟ್ಟ ಕಾಫಿ ಕುಡಿದು ಅವನು ಮುಟ್ಟಿದ ತೀರ್ಮಾನ ಒಂದೇ. ಒಂದು ಕಚೇರಿಯ ನಕ್ಷೆ ಪಕ್ಕದ ಕಚೇರಿಗೆ ಈ ಜನ್ಮದಲ್ಲಿ ಹೋಗುವುದಿಲ್ಲ. ಇಡೀ ಪ್ರಬಂಧ ಈ ಒಂದು ಮಾತಿನ ಮೇಲೆ ನಿಂತಿತ್ತು. ಗೈಡ್ ವೆಂಕಟರಾಮರಿಗೆ ಮಾತ್ರ ಸಮಾಧಾನವಿಲ್ಲ. ಅವರಿವರು ಹೇಳಿದ್ದನ್ನು ಬರೆದರೆ ಸಾಲದು, ಆ ನಕ್ಷೆಯಲ್ಲಿ ನೀನೇ ಒಂದು ಚುಕ್ಕಿ ಇಟ್ಟು ಅದು ಎಲ್ಲಿಗೆ ಹೋಗುತ್ತದೆ ನೋಡು, ಅದೂ ಒಂದು ಸಂಶೋಧನಾ ಮಾರ್ಗವೇ ಅಂದಿದ್ದರು.

ಸುಳ್ಳು ಚುಕ್ಕಿ ಇಡಲು ಗುರುಚರಣನಿಗೆ ಮನಸ್ಸು ಬರಲಿಲ್ಲ. ನಡುಮನೆಯಲ್ಲಿ ಅಮ್ಮ ಚೆಲ್ಲಮ್ಮ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿ ಇತ್ತಲ್ಲ, ಅದನ್ನೇ ಫೋನಿನ ನಕ್ಷೆಯಲ್ಲಿ ಗುರುತು ಮಾಡಿ, ಮನೆಮಾತು ಕನ್ನಡವಾದರೂ ಕಚೇರಿಯವರಿಗೆ ತಿಳಿಯಲೆಂದು ತಮಿಳಿನಲ್ಲಿ ‘ಕುಳಿ’, ಅಂದರೆ ಗುಂಡಿ, ಎಂದು ಬರೆದು ನೆಮ್ಮದಿಯಾಗಿ ಮಲಗಿದ.

ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಮಣ್ಣು ತುಂಬಿದ ಟ್ರಾಕ್ಟರ್. ರಸ್ತೆ ಕೆಲಸದ ಮೇಸ್ತ್ರಿ ಕಾಳಿಯಪ್ಪನ್ ಫೋನ್ ತೋರಿಸಿ, ಇಲ್ಲಿ ಗುಂಡಿ ಮುಚ್ಚಬೇಕು, ಮುಚ್ಚಿದ ಫೋಟೋ ಕಳಿಸದೆ ಹೋಗುವ ಹಾಗಿಲ್ಲ ಅಂದ.

ಚೆಲ್ಲಮ್ಮ ಓಡಿ ಬಂದು ಗುಂಡಿಗೆ ಅಡ್ಡ ನಿಂತಳು. ಮಗ್ಗದ ಮೇಲೆ ಧಾರೆಸೀರೆ ಅರ್ಧದಲ್ಲಿತ್ತು. ಮುಂದಿನ ತಿಂಗಳು ಗುರುಚರಣನಿಗೂ ಹರಿಪ್ರಿಯಾಳಿಗೂ ಮದುವೆ. ಸೊಸೆ ತಾನು ನೇಯ್ದ ಸೀರೆಯನ್ನೇ ಉಟ್ಟು ಹಸೆಗೆ ಬರಬೇಕೆಂದು ಚೆಲ್ಲಮ್ಮನ ಆಸೆ, ಹಟ ಎರಡೂ. ಸೆರಗು ಇನ್ನೂ ಬಾಕಿಯಿತ್ತು.

“ಗುಂಡಿ ಮುಚ್ಚಿದ್ರೆ ನಾನ್ ಕಾಲ್ ಎಲ್ಲಿಕ್ಲಿ?” ಅಂತ ಮಗನನ್ನು ಕೇಳಿದಳು. “ನಿನ್ ತಲೆ ಮ್ಯಾಲಾ?”

ಅಷ್ಟರಲ್ಲಿ ಗಂಟೆ ಬಾರಿಸುತ್ತ ಅಗ್ನಿಶಾಮಕದ ಗಾಡಿ ಬಂತು. ಅವರ ನಕ್ಷೆಯಲ್ಲಿ ಅದೇ ಚುಕ್ಕಿ ಬಾಯಿ ತೆರೆದ ಬೋರ್‌ವೆಲ್ ಆಗಿತ್ತು. ಯಾರಾದರೂ ಬಿದ್ದಿದ್ದಾರಾ ಎಂದು ಅವರು ಕೇಳಿದ್ದು ಪಕ್ಕದ ಮನೆಯ ಗಂಗೂಬಾಯಿಯನ್ನು. ಕೇಳಿದ್ದಕ್ಕೆ ಉತ್ತರ ಕೊಡದೆ ಇರುವುದು ಆಕೆಗೆ ಗೊತ್ತೇ ಇಲ್ಲ.

“ಬಿದ್ದಿದ್ನಲ್ಲಾ ನಮ್ ಗುರುಚರಣ! ಪಾಪ, ಮೂಗೆಲ್ಲಾ ಊದಿತ್ತು,” ಅಂದಳು. ಬಿದ್ದದ್ದು ಅವನು ಅಂಬೆಗಾಲಿಡುತ್ತಿದ್ದಾಗ ಎಂದು ಆಕೆ ಹೇಳುವ ಹೊತ್ತಿಗೆ ಹಗ್ಗ ಒಳಗೆ ಇಳಿದಾಗಿತ್ತು. ಕೊನೆಗೆ ಗುರುಚರಣ್ ತಾನೇ ಮುಂದೆ ಬಂದು, ಬಿದ್ದವನು ನಾನೇ, ಎದ್ದು ಬಹಳ ವರ್ಷ ಆಯಿತು ಎಂದು ಒಪ್ಪಿಸಬೇಕಾಯಿತು. ಅವರ ಬೆನ್ನಿಗೇ ಸೊಳ್ಳೆ ನಿರ್ಮೂಲನದವರು ಬಂದು ಗುಂಡಿಗೆ ಹೊಗೆ ಬಿಟ್ಟರು. ಚೆಲ್ಲಮ್ಮ ಕೆಮ್ಮುತ್ತಲೇ ಸೀರೆಗೆ ಹಳೇ ಪಂಚೆ ಹೊದಿಸಿದಳು. ಒಂದೊಂದು ಇಲಾಖೆ ಬಂದಾಗಲೂ ಗುರುಚರಣನ ಪ್ರಬಂಧದ ಒಂದೊಂದು ಅಧ್ಯಾಯ ನೆಲ ಕಚ್ಚುತ್ತಿತ್ತು. ಆದರೆ ಆಗ ಅವನಿಗೆ ಅಮ್ಮನ ಮುಖ ನೋಡುವುದೇ ಕಷ್ಟವಾಗಿತ್ತು.

ಸೀರೆ ನೋಡಿ ಕಾಳಿಯಪ್ಪನಿಗೂ ಮನಸ್ಸು ಕರಗಿತು. ಚುಕ್ಕಿ ಇಟ್ಟವನು ನೀನೇ ಅಲ್ಲವಾ, ತೆಗೆಯಿರಿ ಅಂತ ನೀನೇ ಬರೆದುಬಿಡು, ಅದು ಬಂದರೆ ನಾನು ಹೊರಡುತ್ತೇನೆ ಅಂದ. ಗುರುಚರಣ್ ‘ಕುಳಿ ಎಡುಕ್ಕವುಂ’, ಅಂದರೆ ಗುಂಡಿ ತೆಗೆಯಿರಿ, ಎಂದು ತಮಿಳಿನಲ್ಲಿ ಒತ್ತಿ ಕಳಿಸಿದ. ಸ್ವಲ್ಪ ಹೊತ್ತಿಗೆ ಕಾಳಿಯಪ್ಪನ ಫೋನ್ ಕಿಣಿಗುಟ್ಟಿತು, ಮುಚ್ಚುವ ಕೆಲಸ ರದ್ದಾಗಿತ್ತು. ಟ್ರಾಕ್ಟರ್ ಹೋಯಿತು. ಒಳಗೆ ಮಗ್ಗದ ಸದ್ದು ಮತ್ತೆ ಶುರುವಾದಾಗ ಗುರುಚರಣನಿಗೆ ಕಣ್ಣು ತುಂಬಿಬಂತು.

ಸಂಜೆ ಮನೆಯ ಪಾತ್ರೆಗಳೆಲ್ಲ ಗಡಗಡ ಅಲುಗಿದವು. ಹೊರಗೆ ಜೆಸಿಬಿ ನಿಂತಿತ್ತು. ಡ್ರೈವರ್ ಮಣಿಕಂಠನ್ ಕಾರಿಮಂಗಲಂ ಕಡೆಯವನು, ಕನ್ನಡ ಬಲ್ಲವನು.

“ಇಲ್ಲಿ ಗುಂಡಿ ತೆಗೀಬೇಕು ಅಂತ ಆರ್ಡರ್ ಬಂದೈತೆ ಸಾರ್. ಎಲ್ಲಿ ತೆಗೀಲಿ?”

ತಾನು ತೆಗೆಯಲು ಹೇಳಿದ್ದು ಚುಕ್ಕಿಯನ್ನು ಎಂದು ಗುರುಚರಣ್ ಬಗೆಬಗೆಯಾಗಿ ಬಿಡಿಸಿ ಹೇಳಿದ.

“ತಮಿಳ್ನಾಗೂ ಅಂಗೇ, ನಮ್ ಮಾತ್ನಾಗೂ ಅಂಗೇ ಸಾರ್,” ಅಂದ ಮಣಿಕಂಠನ್. “ಗುಂಡಿ ತೆಗಿ ಅಂದ್ರೆ ತೋಡೋದು. ಫೋಟೋ ಇಲ್ದೆ ಓಗಂಗಿಲ್ಲ.”

ಜಾಗ ತೋರಿಸಿದವಳು ಗಂಗೂಬಾಯಿ. ಮನೆ ಪಕ್ಕದ ಖಾಲಿ ನೆಲದಲ್ಲಿ ಗುಂಡಿ ತೋಡುತ್ತಿರುವಾಗ ಗುರುಚರಣ್ ಗೈಡಿಗೆ ಫೋನ್ ಮಾಡಿ ಗೋಳು ಹೇಳಿಕೊಂಡ. ವೆಂಕಟರಾಮರಿಗೆ ಹಿಡಿಸಲಾರದ ಸಂತೋಷ. ಒಂದೇ ದಿನದಲ್ಲಿ ಚುಕ್ಕಿ ಎಲ್ಲರಿಗೂ ತಲುಪಿದೆ, ಅಂದರೆ ನಿನ್ನ ಪ್ರಬಂಧ ಪೂರ್ತಿ ತಪ್ಪು, ಮೊದಲ ಪುಟದಿಂದ ಮತ್ತೆ ಶುರು ಮಾಡು ಎಂದು ಆಶೀರ್ವಾದ ಮಾಡಿದರು.

ಜೆಸಿಬಿ ಹೋದ ಮೇಲೆ ಚೆಲ್ಲಮ್ಮ ಹೊರಗೆ ಬಂದು ಗುಂಡಿಯೊಳಗೆ ಇಣುಕಿದಳು. ಅವಳ ಸಿಟ್ಟೆಲ್ಲ ಇಳಿದಿತ್ತು.

“ಮ್ಯಾಲೊಂದು ಚಪ್ಪರ ಆಕಿದ್ರೆ ಇನ್ನೊಂದ್ ಮಗ್ಗ ಇಕ್ಬೋದು,” ಅಂದಳು. “ನಿನ್ ಓದು ಈಗ್ಲೇ ಮುಗಿಯೋ ಅಂಗೆ ಕಾಣಾಕಿಲ್ಲ. ಬಾ ಕಣಪ್ಪಾ, ಕಾಲ್ ಇಳಿಬುಟ್ಟು ಕೂತ್ ನೋಡು.”

ಗುರುಚರಣ್ ಕೂತು ನೋಡಿದ. ಅಳತೆ ಸರಿಯಾಗಿತ್ತು.