ಅತ್ತೆಯ ಬ್ರೆಡ್ಡಿಗೆ ಬಿದ್ದ ಎರಡು ಹನಿ

ನಾನು ಜೀವಶಾಸ್ತ್ರದ ಮೇಷ್ಟ್ರು. ಕೇಳುವವರು ಸಿಕ್ಕಿದರೆ ನನಗೆ ಊಟದ ಮೇಜೂ ಕರಿಹಲಗೆಯೇ. (ಹೆಂಡತಿ ಕೇಳುವವಳಲ್ಲ, ಹೇಳುವವಳು.) ಈ ಚಟ ಒಮ್ಮೆ ನನ್ನ ಅತ್ತೆಯನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಕೊಟ್ಟು, ಸಿಹಿ ಬಿಡಿ ಎಂದಿದ್ದರು. ನಮ್ಮ ಮನೆಗೆ ಬಂದ ದಿನ ಸಪ್ಪೆ ಚಹಾ ಹೀರುತ್ತಾ, ಬ್ರೆಡ್ಡಿನ ಮೂರನೇ ಹೋಳಿಗೆ ಕೈ ಹಾಕಿ, "ಸಕ್ಕರೆ ಪೂರ್ತಿ ಬಿಟ್ಬಿಟ್ಟೆ ಅಳಿಯಂದ್ರೇ" ಎಂದರು ಹೆಮ್ಮೆಯಿಂದ.

ಸುಮ್ಮನಿರಬಹುದಿತ್ತು. ಒಳಗಿನಿಂದ ಅಯೋಡಿನ್ ಸೀಸೆ ತಂದು ಅವರ ಬ್ರೆಡ್ಡಿನ ಮೇಲೆ ಎರಡು ಹನಿ ಬಿಟ್ಟೆ. ಅದು ಕಪ್ಪುನೀಲಿಗೆ ತಿರುಗಿತು.

"ಅಯ್ಯೋ, ವಿಷಾನಾ?"

"ವಿಷ ಅಲ್ಲತ್ತೆ, ಪಿಷ್ಟ! ಗ್ಲೂಕೋಸಿನ ಕಣಗಳು ಸಾವಿರಗಟ್ಟಲೆ ಕೈ ಕೈ ಹಿಡ್ಕೊಂಡು ಸಾಲಾಗಿ ನಿಂತಿರೋದು. ಹೊಟ್ಟೆಗೆ ಹೋದ್ರೆ ಕೈ ಬಿಡ್ತವೆ, ಅಷ್ಟೇ. ಬ್ರೆಡ್ಡು, ಆಲೂಗಡ್ಡೆ, ಅನ್ನ ಎಲ್ಲಾ ವೇಷ ಹಾಕಿರೋ ಸಕ್ಕರೆನೇ. ಎರಡೂ ಒಂದೇ!"

"ರೀ, ಪಾಠ ಸ್ಕೂಲಲ್ಲಿರಲಿ" ಎಂದಳು ಹೆಂಡತಿ.

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅಂದಿನಿಂದ ಬರೀ ಸೌತೆಕಾಯಿ, ಬೇಯಿಸಿದ ಸೊಪ್ಪು. ಹೆಂಡತಿ ಎಷ್ಟು ಗದರಿದರೂ, "ಹಸಿವಿಲ್ಲ ಕಣೆ" ಎನ್ನುತ್ತಿದ್ದರು. ನಾನೋ, ಇಷ್ಟು ವಿಧೇಯ ಶಿಷ್ಯೆ ಸಿಕ್ಕಿದ್ದಕ್ಕೆ ಒಳಗೊಳಗೇ ಬೀಗುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅತ್ತೆ ಬಾಗಿಲು ಹಿಡಿದು ಹಾಗೇ ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಕ. ಡಾಕ್ಟರಿಗೆ ಫೋನು ಮಾಡಿದೆ.

"ಊಟ ಬಿಟ್ಟು ಮಾತ್ರೆ ನುಂಗಿದಾರಾ? ಮೊದ್ಲು ಸಕ್ಕರೆ ನೀರು ಕುಡಿಸ್ರೀ!"

ಅಡುಗೆಮನೆಗೆ ಓಡಿ, ಕೈಗೆ ಸಿಕ್ಕ ಡಬ್ಬಿಯ ಬಿಳಿ ಪುಡಿಯನ್ನು ಎರಡು ಚಮಚ ಕಲಕಿ ತಂದೆ. ಅತ್ತೆ ಒಂದು ಗುಟುಕು ಕುಡಿದು, "ಸಿಹಿನೇ ಇಲ್ವಲ್ಲ ಅಳಿಯಂದ್ರೇ..." ಎಂದು ಕ್ಷೀಣವಾಗಿ ಹೇಳಿದರು.

ಅಷ್ಟರಲ್ಲಿ ಹೆಂಡತಿ ಇಳಿದು ಬಂದು ಲೋಟಕ್ಕೆ ಬೆರಳದ್ದಿ ನೋಡಿದಳು. "ಇದು ಕಾರ್ನ್‌ಫ್ಲೋರ್! ಸೂಪಿಗೆ ಹಾಕೋ ಹಿಟ್ಟು! ನಿಮ್ಮ ಪಿಷ್ಟ!"

"ಅದು... ಸಾಲು ಒಡೆದು ಸಕ್ಕರೆ ಆಗೋಕೆ ಸ್ವಲ್ಪ ಹೊತ್ತು..."

"ಎರಡೂ ಒಂದೇ ಅಂದ್ರಿ?"

ಉತ್ತರಕ್ಕೆ ಕಾಯದೆ ಅವಳು ನಿಜವಾದ ಸಕ್ಕರೆ ಕದಡಿ ತಂದು ಕುಡಿಸಿದಳು. ಕಾಲು ಗಂಟೆಯಲ್ಲಿ ಅತ್ತೆಯ ಮುಖಕ್ಕೆ ಕಳೆ ಬಂತು.

ಮಧ್ಯಾಹ್ನ ಡಾಕ್ಟರು ಬಂದರು. "ಸಿಹಿ ಬಿಡಿ ಅಂದಿದ್ದೆ, ಊಟ ಬಿಡಿ ಅನ್ಲಿಲ್ಲ. ಬಿಡಿಸಿದ್ದು ಯಾರು?"

ನಾನು ನೆಲದ ಟೈಲ್ಸುಗಳನ್ನು ಆಳವಾಗಿ ಅಧ್ಯಯನ ಮಾಡತೊಡಗಿದೆ.

"ಯಾರೂ ಇಲ್ಲ ಡಾಕ್ಟ್ರೇ, ನಂಗೇ ಹಸಿವಿರ್ಲಿಲ್ಲ" ಎಂದರು ಅತ್ತೆ. ಹೆಂಡತಿಯ ಬೈಗುಳವೆಲ್ಲ ನನಗೆ ಅಭ್ಯಾಸ. ಈ ಸುಳ್ಳು ಮಾತ್ರ ಮುಳ್ಳಿನಂತೆ ನೆಟ್ಟುಕೊಂಡಿತು.

ಮರುದಿನ ತಿಂಡಿಗೆ ಕೂತಾಗ ಅತ್ತೆ ಬ್ರೆಡ್ಡಿನ ಹೋಳೊಂದನ್ನು ಎತ್ತಿ ನನ್ನ ಕಡೆ ಹಿಡಿದರು. "ಇದನ್ನ ತಿನ್ನಬಹುದಾ ಅಳಿಯಂದ್ರೇ?"

ಆ ಮಾತಿನಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಹೇಗೋ ಸಹಿಸುತ್ತಿದ್ದೆ.

"ತಿನ್ನಿ ಅತ್ತೆ" ಎಂದೆ.

ಅವರು ಅದನ್ನು ಮುರಿದು ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು. "ನೀವೂ ತಿನ್ನಿ. ನಿನ್ನೆಯಿಂದ ಮುಖ ಬಾಡಿದೆ."