ಮುದ್ದೆಯಲ್ಲಿ ಮಾಡಿದ ಕಾಗೆ

ಚನ್ನರಾಯಪಟ್ಟಣದಲ್ಲಿ ನಾನು ಇಪ್ಪತ್ತಮೂರು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಶಾಂತಿಗ್ರಾಮದಿಂದ ಹೊಳೆನರಸೀಪುರದವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ನಾನು ತೆಗೆದ ಮದುವೆ ಫೋಟೋ ನೇತಾಡುತ್ತಿದೆ. ಅಕ್ಷತೆ ಮುಖಕ್ಕೆ ಬಡಿಯುವಾಗಲೂ ಮದುಮಗ ಕಣ್ಣು ಬಿಟ್ಟಿರುವ ಕ್ಷಣವನ್ನು ಹಿಡಿದವನು ನಾನು. ಇಂಥವನಿಗೆ ಎರಡು ನಿಮಿಷದ ಬೊಂಬೆ ಸಿನಿಮಾ ಯಾವ ಮಹಾ ಕೆಲಸ? ಮದುಮಗನಾದರೂ ಅಲುಗಾಡುತ್ತಾನೆ, ಬೊಂಬೆ ಅಲುಗಾಡುವುದಿಲ್ಲ. ಹೀಗೆಂದುಕೊಂಡೇ ನಾನು ಕೆಟ್ಟೆ.

ಸಿನಿಮಾ ಹುಚ್ಚು ಹಿಡಿದದ್ದು ಅವ್ವನಿಗಾಗಿ. ಎಂಟು ತಿಂಗಳ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸರಿಹೋದವು, ಮಾತು ಮಾತ್ರ ಬರಲಿಲ್ಲ. ದಂಡಿಗನಹಳ್ಳಿಯ ಹೊಲದಲ್ಲಿ ಈ ಬದುವಿನ ಮೇಲೆ ನಿಂತು ಆ ಬದುವಿನಲ್ಲಿದ್ದ ನನ್ನನ್ನು ಬೈಯುತ್ತಿದ್ದ ಹೆಂಗಸು, ಈಗ ನೀರು ಬೇಕೆಂದರೂ ಲೋಟ ತೋರಿಸುತ್ತಾಳೆ. ಅವಳ ಬೈಗುಳವಿಲ್ಲದ ಮನೆಯಲ್ಲಿ ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು.

ಮಾತಿನ ತರಬೇತಿ ಕೊಡಲು ಹಾಸನದಿಂದ ವಾರಕ್ಕೊಮ್ಮೆ ಬರುವ ಮೇಡಂ, "ಅವರಿಗೆ ತುಂಬಾ ಗೊತ್ತಿರೋದು ಏನಾದ್ರೂ ತೋರಿಸ್ತಾ ಇರಿ. ಮಾತು ಒಳಗೇ ಇರುತ್ತೆ" ಎಂದರು. ಅವ್ವನಿಗೆ ತುಂಬಾ ಗೊತ್ತಿರುವುದು ಕಾಗೆ ಗುಬ್ಬಿಯ ಕಥೆ. ನಮ್ಮ ಬೀದಿಯ ಮಕ್ಕಳೆಲ್ಲ ಅದನ್ನು ಅವಳ ಬಾಯಿಂದಲೇ ಕೇಳಿ ಬೆಳೆದವರು. ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆಗೆ ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗೆ ನೆನೆದುಕೊಂಡು ಹೋಗಿ ಗುಬ್ಬಿಯ ಬಾಗಿಲು ಬಡಿಯುತ್ತದೆ. ನಾನೇ ಅವಳ ಪಕ್ಕ ಕೂತು ವಾರವಿಡೀ ಈ ಕಥೆ ಹೇಳಿದೆ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

"ನೀವು ಕಥೆ ಏಳೋ ಚೆಂದಕ್ಕೆ ಗಟ್ಟಿಮುಟ್ಟಾಗಿರೋರೂ ಅಂಗೇ ಮಲ್ಗ್ತಾರೆ" ಎಂದಳು ನನ್ನ ಹೆಂಡತಿ ಮಂಜುಳ.

ಅವಮಾನವಾಯಿತು. ಅವತ್ತೇ ಮೊಬೈಲಿನಲ್ಲಿ ಸ್ಟಾಪ್ ಮೋಷನ್ ಸಿನಿಮಾ ಮಾಡುವ ವಿಧಾನ ನೋಡಿದೆ. ಬೊಂಬೆ ಇಡಬೇಕು, ಫೋಟೋ ತೆಗೆಯಬೇಕು, ಬೊಂಬೆಯನ್ನು ಒಂದು ರಾಗಿಕಾಳಿನಷ್ಟು ಸರಿಸಬೇಕು, ಮತ್ತೆ ಫೋಟೋ ತೆಗೆಯಬೇಕು. ಸೆಕೆಂಡಿಗೆ ಹನ್ನೆರಡು ಫೋಟೋ. ಎರಡು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು! ಒಂದು ಮದುವೆಯಲ್ಲಿ ನಾನು ಅದಕ್ಕಿಂತ ಹೆಚ್ಚು ತೆಗೆಯುತ್ತೇನೆ, ಅದೂ ಊಟದ ಪಂಕ್ತಿ ಸೇರಿಸದೆ.

ಮೊದಲ ಕಾಗೆಯನ್ನು ಕೆರೆ ಮಣ್ಣಿನಲ್ಲಿ ಮಾಡಿದೆ. ಒಣಗಿ ಬಿರುಕು ಬಿಟ್ಟಿತು. ಹಾಗಾದರೆ ಮೆತ್ತಗಿದ್ದು, ಕರ್ರಗಿದ್ದು, ದಿನಾ ಮನೆಯಲ್ಲಿ ಸಿಗುವ ಪದಾರ್ಥ ಯಾವುದು? ಅಡಿಗೆಮನೆಗೆ ನುಗ್ಗಿದೆ.

"ರೀ, ಉಣ್ಣೋ ಮುದ್ದೇಲಿ ಕಾಗೆ ಮಾಡ್ತೀರಾ?"

"ಅವ್ವನಿಗೋಸ್ಕರ ಕಣೆ."

ಮಂಜುಳ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದಳು. ಕಾಗೆ ಸೊಗಸಾಗಿ ಬಂತು. ತೊಂದರೆ ಏನೆಂದರೆ, ಮರುದಿನ ಅದು ಗಟ್ಟಿಯಾಯಿತು. ದಿನಾ ಹೊಸ ಮುದ್ದೆ, ದಿನಾ ಹೊಸ ಕಾಗೆ. ಸೋಮವಾರದ ಕಾಗೆ ಬಡಕಲು. ಬುಧವಾರ ನೆಂಟರು ಬಂದಿದ್ದರಿಂದ ಮುದ್ದೆ ದಪ್ಪವಾಗಿ, ಕಾಗೆ ತುಂಬಿದ ಬಸುರಿಯಾಗಿತ್ತು. ಶುಕ್ರವಾರ ಮತ್ತೆ ಬಡಕಲಾಯಿತು. ಮಧ್ಯದಲ್ಲಿ ಹೆರಿಗೆ ಆದದ್ದು ಕಥೆಯಲ್ಲಿ ಎಲ್ಲೂ ಇಲ್ಲ!

ಗುಬ್ಬಿಯನ್ನು ಅಕ್ಕಿಹಿಟ್ಟಿನಲ್ಲಿ ಮಾಡಿ ಕಿಟಕಿಯಲ್ಲಿ ಇಟ್ಟಿದ್ದೆ. ಪಕ್ಕದ ಮನೆ ಪುಟ್ಟಸ್ವಾಮಣ್ಣನ ಕೋಳಿ ಬಂದು ನಾಯಕಿಯನ್ನು ತಿಂದುಹಾಕಿತು. ಕೇಳಲು ಹೋದರೆ ಪುಟ್ಟಸ್ವಾಮಣ್ಣ, "ಅಕ್ಕಿ ಇಟ್ಟು ಮಡಗಿದ್ರೆ ಕೋಳಿ ತಿನ್ದೆ ಪೂಜೆ ಮಾಡ್ತದಾ?" ಎಂದು ನನ್ನ ಮೇಲೇ ಎಗರಿದ. ಆದರೂ ಒಳ್ಳೆಯ ಮನುಷ್ಯ, ಕಾಗೆಯ ಮನೆಗೆ ಒಂದು ಬುಟ್ಟಿ ಸಗಣಿ ಕೊಟ್ಟ. ಮಳೆ ಬರಿಸುವುದಕ್ಕೆ ಗಿಡಕ್ಕೆ ಔಷಧಿ ಹೊಡೆಯುವ ಪಂಪನ್ನೂ ಕೊಟ್ಟ. ಮನೆ ಸ್ವಲ್ಪಸ್ವಲ್ಪವೇ ಕರಗುವುದನ್ನು ಇನ್ನೂರು ಫೋಟೋದಲ್ಲಿ ಹಿಡಿಯಬೇಕೆಂದು ನನ್ನ ಯೋಜನೆ. ಸ್ಟುಡಿಯೋದ ದೀಪದ ಬೆಳಕಿನಲ್ಲಿ ಮನೆ ಕಟ್ಟಿ ಪಂಪು ಒತ್ತಿದೆ. ನಾಲ್ಕನೇ ಫೋಟೋಗೆ ಮನೆಯೇ ಇರಲಿಲ್ಲ. ಸಗಣಿಯೆಲ್ಲ ನವದಂಪತಿಗಳನ್ನು ಕೂರಿಸುವ ಸ್ಟುಡಿಯೋದ ಕೆಂಪು ಸೋಫಾದ ಮೇಲಿತ್ತು.

ಹೀಗೆ ಇಪ್ಪತ್ತಾರು ದಿನ. ಅಭ್ಯಾಸಬಲದಿಂದ ಕಾಗೆಗೂ "ಗಲ್ಲ ಸ್ವಲ್ಪ ಕೆಳಗೆ, ಇಲ್ಲಿ ನೋಡಿ, ನಗಬೇಕು" ಎನ್ನುತ್ತಿದ್ದೆ. ಮಂಜುಳ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಅವ್ವನಿಗೋ ನನಗೋ, ಇಬ್ಬರಲ್ಲಿ ಯಾರಿಗೆ ಮೊದಲು ಡಾಕ್ಟರನ್ನು ಕರೆಸಬೇಕೆಂದು ಯೋಚಿಸುತ್ತಿದ್ದಳೋ ಏನೋ.

ಕೊನೆಗೆ ಫೋಟೋಗಳನ್ನೆಲ್ಲ ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿ, ಜೋಡಿಸಿ, ಪೆನ್‌ಡ್ರೈವಿನಲ್ಲಿ ಮನೆಗೆ ತಂದೆ. ಭಾನುವಾರ ಸಂಜೆ ಟೀವಿ ಮುಂದೆ ಅವ್ವನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಪುಟ್ಟಸ್ವಾಮಣ್ಣನೂ ಬಂದ. ನಾನು ಎದ್ದು ನಿಂತು ನಾಲ್ಕು ಮಾತಾಡಿ ಸಿನಿಮಾ ಹಾಕಿದೆ.

ಕಾಗೆ ಬಂತು. ಮನೆಯೆಲ್ಲ ಗಪ್‌ಚಿಪ್. ಎಲ್ಲರೂ ಮೆಚ್ಚಿಕೊಂಡರೆಂದು ನನಗೆ ಎದೆ ಉಬ್ಬಿತು.

"ಇದ್ಯಾವ್ ಕೊಕ್ಕರೆ ಕಣಪ್ಪಾ?" ಎಂದ ಪುಟ್ಟಸ್ವಾಮಣ್ಣ.

ಆಗ ಕಣ್ಣುಜ್ಜಿಕೊಂಡು ನೋಡಿದೆ. ಕಾಗೆ ಬೆಳ್ಳಗಿತ್ತು! ಹಾಲಿನ ಹಾಗೆ ಬೆಳ್ಳಗೆ, ನುಣ್ಣಗೆ, ಕೊಕ್ಕು ಗುಲಾಬಿ ಬಣ್ಣ. ಸಗಣಿ ಮನೆ ಕೂಡ ಸುಣ್ಣ ಬಳಿದ ಹಾಗೆ ಹೊಳೆಯುತ್ತಿತ್ತು.

ವಿಷಯ ಇಷ್ಟೇ. ನಮ್ಮ ಕಡೆ ಮದುವೆ ಫೋಟೋದಲ್ಲಿ ಗಂಡು ಹೆಣ್ಣು ಇಬ್ಬರೂ ಬೆಳ್ಳಗೆ ಕಾಣದಿದ್ದರೆ ಆಲ್ಬಮ್ಮನ್ನು ಯಾರೂ ಮುಟ್ಟುವುದಿಲ್ಲ. "ಸಾ, ನಮ್ ಉಡ್ಗೀನ ಒಸಿ ಬೆಳ್ಳುಗ್ ಮಾಡ್ಕೊಡಿ" ಎಂದು ಹೆತ್ತವರೇ ಬಂದು ಹೇಳುತ್ತಾರೆ. ಅದಕ್ಕೇ ನನ್ನ ಕಂಪ್ಯೂಟರಿಗೆ ಯಾವ ಫೋಟೋ ಹೋದರೂ ತಾನಾಗಿಯೇ ಬೆಳ್ಳಗಾಗುವಂತೆ ಎಷ್ಟೋ ವರ್ಷದ ಹಿಂದೆ ಮಾಡಿಟ್ಟಿದ್ದೆ. ಆ ಏರ್ಪಾಡನ್ನು ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಜೋಡಿಸುವಾಗ ಸಾವಿರಕ್ಕೂ ಹೆಚ್ಚು ಸಲ ಆ ಕಾಗೆಯನ್ನು ನೋಡಿದ್ದೇನೆ. ಬೆಳಕು ಚೆನ್ನಾಗಿ ಬಿದ್ದಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ!

ನಾಚಿಕೆಯಿಂದ ರಿಮೋಟಿಗೆ ತಡಕಾಡಿದೆ. ಅಷ್ಟರಲ್ಲಿ ಅವ್ವನ ಕೈ ಮೇಲೆದ್ದಿತು. ಬೆರಳು ಟೀವಿಯ ಕಡೆ. ಬಾಯಿ ಎಳೆದುಕೊಂಡಿತು, ಕತ್ತಿನ ನರ ಉಬ್ಬಿತು.

"ಕಾ... ಕಾಗೆ..."

ಮಂಜುಳ ನನ್ನ ತೋಳು ಹಿಡಿದುಕೊಂಡಳು.

"ಕಾಗೆ... ಕಪ್ಪು ಕಣ್ಲಾ!"

ನಾನು ಅವಳ ಕಾಲ ಬಳಿ ಕುಸಿದು ಕೂತೆ. "ಅವ್ವಾ, ಇನ್ನೊಂದ್ಸಲ ಅನ್ನು" ಎಂದೆ. ಅವ್ವ ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಶ್ರಮಪಟ್ಟು, ಒಂದೊಂದೇ ಅಕ್ಷರ ಜೋಡಿಸಿ, "ದ...ಡ್ಡ" ಎಂದಳು.

ಐವತ್ತು ವರ್ಷದ ಗಂಡಸು ಗಳಗಳನೆ ಅತ್ತುಬಿಟ್ಟೆ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಮಂಜುಳಳ ಎದುರಿಗೇ ಹೇಳಿದ್ದು ಆ ದಿನದ ಕೊನೆಯ ತಪ್ಪು.

ಮರುವಾರ ಮೇಡಂ ಬಂದು, "ಏನ್ ಮಾಡಿದ್ರಿ?" ಎಂದು ಕೇಳಿದರು.

"ಇವ್ರು ಎಡವಟ್ಟು ಮಾಡಿದ್ರು ಮೇಡಂ" ಎಂದಳು ಮಂಜುಳ.

"ಒಳ್ಳೇದೇ ಆಯ್ತು. ಅಂಥದ್ದೇ ಮಾಡ್ತಾ ಇರಿ."

ಅಂದಿನಿಂದ ವಾರಕ್ಕೊಂದು ಹೊಸ ತುಣುಕು ತೆಗೆಯುತ್ತಿದ್ದೇನೆ. ಒಂದರಲ್ಲಿ ಗುಬ್ಬಿಗೆ ಎರಡು ಬಾಲ ಬಂದಿತ್ತು. ಇನ್ನೊಂದರಲ್ಲಿ ಕಾಗೆ ಗುಬ್ಬಿಯ ಮನೆ ಬಿಟ್ಟು ತನ್ನ ಬಾಗಿಲನ್ನೇ ಬಡಿಯಿತು. ಮೊನ್ನೆಯದರಲ್ಲಿ ಮಳೆ ನಿಂತು ಬಿಸಿಲು ಬಂದಮೇಲೆ ಕಾಗೆ ಕೊಡೆ ಬಿಚ್ಚಿತು. "ಲೇ ಎಡವಟ್ಟ, ಬಿಸ್ಲಾಗ್ ಕಾಗೆಗ್ ಕೊಡೆ ಯಾಕ್ಲಾ?" ಎಂದು ಅವ್ವ ಪೂರ್ತಿ ಒಂದು ವಾಕ್ಯವನ್ನೇ ಬೈದಳು. ಪುಟ್ಟಸ್ವಾಮಣ್ಣನ ಮನೆಗೂ ಕೇಳಿಸಿತಂತೆ.

ಅರಕಲಗೂಡಿನ ನೆಂಟರು ನೋಡಲು ಬಂದಾಗ ಮಂಜುಳ ನನ್ನನ್ನು ಬಾಯಿತುಂಬ ಹೊಗಳಿದಳು. "ಅತ್ತೆ ಮಾತಾಡ್ಲಿ ಅಂತ ಇವ್ರು ಬೇಕೂಂತ್ಲೇ ತಪ್ಪು ಮಾಡ್ತಾರೆ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೆಂಟರ ಕಣ್ಣಲ್ಲೂ ನೀರು.

ನಾನು ತಲೆ ತಗ್ಗಿಸಿ ಕೂತಿದ್ದೆ. ಅವಳನ್ನು ತಿದ್ದಲು ಹೋಗಲಿಲ್ಲ.